ಬಿತ್ತಿ ಉಳಿದ ಬೀಜ

ಮೊದಲಿಗೆ ಒಂದು ಮಾತು ಹೇಳಿಬಿಡ್ತೀನಿ. ಬೀಜ ನಾನು ಕದ್ದಿಲ್ಲ. ಗೌಡ್ರ ತಾಯಿ ಕೊಟ್ರಮ್ಮ ತನ್ನ ಎರಡೂ ಕೈಲೆ ಎತ್ತಿ ನನ್ನ ಉಡಿಗೆ ಹಾಕಿದ್ಳು. ಊರಾಗ ಯಾರು ಏನರ ಅನ್ಲಿ, ಪೇಪರಿನಾಗ ಏನರ ಬರ್ಲಿ, ಇದ್ದದ್ದು ಇದು.

ನನ್ನ ಹೆಸರು ಪಕ್ಕೀರಮ್ಮ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗೋ ದಾರಿಯಾಗ ಬಲಕ್ಕ ಹೊಳ್ಳಿದ್ರ ನಮ್ಮೂರು. ಊರ ಹೊರಗ ನಮ್ಮ ಕೇರಿ. ನಮ್ಮಪ್ಪಗ ಹೊಲ ಇರಲಿಲ್ಲ, ಅವರಪ್ಪಗೂ ಇರಲಿಲ್ಲ, ನನ್ನ ಕಟ್ಟಿಕೊಂಡವಗೂ ಇಲ್ಲ. ಗಂಡನ ಹೆಸರು ಹೇಳಬಾರದಂತಾರ, ಹೇಳ್ತೀನಿ, ಸಂಜೀವ. ಜಂಬನಗೌಡ್ರ ಟ್ರ್ಯಾಕ್ಟರ್ ಹೊಡಿತಾನ. ನಾನು ಅದೇ ಗೌಡ್ರ ಹೊಲದಾಗ ದುಡಿಯಾಕಿ. ಹದಿನಾರಕ್ಕ ಈ ಊರಿಗೆ ಸೊಸಿಯಾಗಿ ಬಂದೆ. ಅವತ್ತು ಬಗ್ಗಿದ ನಡ ಇನ್ನಾ ನೆಟ್ಟಗಾಗಿಲ್ಲ.

ನಮಗಿದ್ದಾಕಿ ಒಬ್ಬಾಕಿ ಮಗಳು, ರೇಖಾ. ಐದನೇತ್ತ ಮುಗಿಸಿದ್ಲು. ಪರೀಕ್ಷೆ ಬರದು ಹಗರಿಬೊಮ್ಮನಹಳ್ಳಿ ಕಡಿ ಸರ್ಕಾರಿ ಹಾಸ್ಟೆಲ್ ಸಾಲಿಗೆ ಪಾಸಾಗಿದ್ಲು. ನಮ್ಮ ಕೇರಿಯಿಂದ ಆ ಸಾಲಿಗೆ ಹೊಂಟ ಮೊದಲನೇ ಹೆಣ್ಣುಹುಡುಗಿ ಆಕಿ. ಟ್ರಂಕ್ ತಂದಿದ್ವಿ. ಅದರ ಮ್ಯಾಲ ತಾನೇ ಬಿಳಿ ಬಣ್ಣದಾಗ ಹೆಸರು ಬರಕೊಂಡಿದ್ಲು, ರೇಖಾ ಎಸ್., ಆರನೇ ತರಗತಿ ಅಂತ. ಸೋಮವಾರ ಹೋಗೋದಿತ್ತು. ಭಾನುವಾರ ಸತ್ತಳು.

ಗೌಡ್ರ ಹೊಲದ ಕಥಿ ಹೇಳಬೇಕು, ಇಲ್ಲಂದ್ರ ಉಳಿದದ್ದು ತಿಳಿಯಂಗಿಲ್ಲ. ನಾ ಬಂದಾಗ ಅದು ಮಳಿ ನಂಬಿದ ಕೆಂಪು ಮಸಾರಿ. ಮಿರಗ ಮಳಿ ಬಂದ್ರ ಶೇಂಗಾ, ಇಲ್ಲಂದ್ರ ಬರೇ ಕಲ್ಲು. ಆಮ್ಯಾಲ ಊರ ಕೆರಿಗೆ ಹೊಳಿ ನೀರು ತುಂಬಿಸಿದ್ರು. ಸತ್ತಿದ್ದ ಬೋರು ಜೀವ ಬಂದು ನೀರು ಕಾರಾಕತ್ತಿದ್ವು. ಗೌಡ್ರ ಹೊಲದ ತುಂಬ ಕರಿ ಪೈಪು ಹರದಾಡಿದ್ವು. ಬೀಜದ ಕಂಪನಿಯವರು ಬಂದು ಒಪ್ಪಂದ ಮಾಡಿಕೊಂಡ್ರು. ಗೌಡ್ರು ಬೆಳದ ಶೇಂಗಾ ಊರಿಗೆಲ್ಲ ಬಿತ್ತನಿ ಬೀಜ ಆಗಾಕತ್ತು. ಹೊಸ ಮನಿ ಎದ್ದಿತು, ಮನಿ ಮುಂದೆ ಕಾರು ನಿಂತಿತು, ಪ್ರಗತಿಪರ ರೈತ ಅಂತ ಗೌಡ್ರ ಕೊರಳಿಗೆ ಶಾಲು ಬಿತ್ತು. ನಮಗೂ ಕೆಲಸದ ದಿನ ಹೆಚ್ಚಾದ್ವು, ಸುಳ್ಳ್ಯಾಕ ಹೇಳ್ಲಿ. ಮೊದಲು ವರ್ಷಕ್ಕ ನಾಕು ತಿಂಗಳು ಬಗ್ಗತಿದ್ವಿ, ಈಗ ಹನ್ನೊಂದು ತಿಂಗಳು ಬಗ್ಗತೀವಿ. ಕೇರಿಯಾಗ ಅದೇ ಜಂತಿ, ಅದೇ ಸೋರೋ ತಗಡು. ಸುಡುಗಾಡಿನ ಬದುವಿಗೂ ಪೈಪು ಬಂದು ನಮ್ಮ ಹೆಣ ಹೂಳೋ ಜಾಗ ಅಷ್ಟು ಸಣ್ಣದಾತು.

ಕಂಪನಿ ಬೀಜ ಕೂರಿಗಿಲೆ ಬಿತ್ತಂಗಿಲ್ಲ. ಕೈಲೇ ಊರಬೇಕು. ಗೇಣಿಗೊಂದು ಗಂಟು ಹಾಕಿದ ಉದ್ದನ ಹಗ್ಗ ಎಳದು ಕಟ್ತಾರ. ಒಂದು ಗಂಟಿಗೆ ಒಂದು ಬೀಜ. ಹೆಬ್ಬೆಟ್ಟಿಲೆ ಒತ್ತಬೇಕು, ಮಣ್ಣು ಮುಚ್ಚಬೇಕು, ಕಾಲು ಸರಸಬೇಕು. ಎರಡು ಬಿದ್ರ ಬೈಗಳ, ಬೀಳದಿದ್ರೂ ಬೈಗಳ. ಸೀರಿ ಸೆರಗು ಮಡಚಿ ನಡಕ್ಕ ಕಟ್ಟಿ ಉಡಿ ಮಾಡಿಕೊಂಡು, ಅದರ ತುಂಬ ಬೀಜ ತುಂಬಕೊಂಡು, ಮುಂಜಾನಿಂದ ಹೊತ್ತು ಮುಳಗೋತನ ಬಗ್ಗೇ ಇರತೀವಿ. ಹೊತ್ತಾಕಿಗೇ ಗೊತ್ತು ಆ ಭಾರ. ಬಸುರಿದ್ದಾಗೂ ನಾ ಹಿಂಗ ಬಗ್ಗೀನಿ.

ಆ ಬೀಜಕ್ಕ ಕೆಂಪು ಬಣ್ಣ ಇರತಿತ್ತು. ನಮಗದು ಹೊಸಾದಲ್ಲ. ನಮ್ಮವ್ವನ ಕಾಲದಾಗೂ ಬಿತ್ತೋ ಶೇಂಗಾಕ್ಕ ಕೆಮ್ಮಣ್ಣು ಕಲಸಿ ಹಚ್ಚತಿದ್ರು, ಇರುವಿ ಒಯ್ಯಬಾರದು, ಮಂದಿ ಕಣ್ಣು ಬೀಳಬಾರದು ಅಂತ. ಬಿತ್ತಿ ಉಳಿದದ್ದನ್ನ ಹೊಲದಿಂದ ತಿರುಗಿ ಒಡೇರ ಮನಿಗೆ ಒಯ್ಯಂಗಿಲ್ಲ. ಒಯ್ದರ ಬೆಳಿ ತಿರುಗತೈತಿ ಅಂತಾರ. ಕಡೀ ಸಾಲು ಮುಗಿಸಿದಾಕಿ ಉಡಿಗೆ ಅದು ಹೋಗಬೇಕು. ನಮ್ಮವ್ವ ಅಂಥಾ ಬೀಜ ತಂದು ನೀರಾಗ ತೊಳದು, ಹುರದು ನಮಗ ಕೊಟ್ಟಾಳ. ನಾನೂ ತಿಂದು ಬೆಳದೀನಿ. ಬೀಜ ತೊಳದ್ರ ಕೆಮ್ಮಣ್ಣು ಹೋಗತೈತಿ. ಇಷ್ಟೇ ನನಗ ಗೊತ್ತಿದ್ದದ್ದು.

ಈ ಸಲ ಹಚ್ಚಿದ್ದು ಕೆಮ್ಮಣ್ಣಲ್ಲ. ಬೇರು ತಿನ್ನೋ ಹುಳ ಸಾಯಲಿ ಅಂತ ಹಚ್ಚಿದ ಎಣ್ಣಿ, ಅದರ ಮ್ಯಾಲ ಬಣ್ಣ. ನನಗ ಹೇಳಿದವರು ಯಾರು?

ಹೇಳಿದ್ರು. ಮೈಕಿನಾಗ ಹೇಳಿದ್ರು. ನಮಗ ಬಿಟ್ಟು ಎಲ್ಲರಿಗೂ ಹೇಳಿದ್ರು.

ಆ ಶುಕ್ರವಾರ ಹೊಲದ ತಲಿಕಡಿ ಶಾಮಿಯಾನ ಹಾಕಿದ್ರು. ಕ್ಷೇತ್ರೋತ್ಸವ ಅಂತ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡಿಂದೆಲ್ಲ ಹೊಲ ಇದ್ದವರು ಬಂದಿದ್ರು. ಕೆಂಪು ಕುರ್ಚಿ, ತಿನ್ನಾಕ ಮಂಡಾಳ ಒಗ್ಗರಣಿ, ಮಿರ್ಚಿ. ನಮ್ಮನ್ನೂ ಕರದ್ರು, ಯಾಕಂದ್ರ ಫೋಟೋಕ್ಕ ಬೇಕಿತ್ತು. ಹದಿನಾಲ್ಕು ಮಂದಿ ಹೆಣಮಕ್ಕಳು ಸಾಲಾಗಿ ನಿಂತ್ವಿ. ಒಬ್ಬ ಸಾಹೇಬ್ರು ಮೈಕ್ ಹಿಡದು ಹೇಳಿದ್ರು, "ಕೃಷಿ ಬೆಳೆದರೆ ಹಳ್ಳಿಯ ಬಡತನ ತಾನಾಗಿಯೇ ಹೋಗ್ತದೆ. ಇಳುವರಿ ಹೆಚ್ಚಾದ್ರೆ ಅದರ ಲಾಭ ಕಟ್ಟಕಡೆಯ ಕೂಲಿಯವರ ಮನೆಗೂ ಹರಿದು ಬರ್ತದೆ. ಈ ತಾಯಂದಿರನ್ನೇ ನೋಡಿ!"

ನನ್ನ ಬಾಜೂಕ ಅಂಜಿನಕ್ಕ ನಿಂತಿದ್ಲು. ನನ್ನಕಿಂತ ಹಿರೇಕಿ, ಇಪ್ಪತ್ತು ವರ್ಷದಿಂದ ಇಬ್ರೂ ಒಂದೇ ಹೊಲದಾಗ ದುಡದೀವಿ. ಆಕಿ ಸೆರಗು ಬಾಯಿಗೆ ಹಿಡಕೊಂಡು ಪಿಸುಗುಟ್ಟಿದ್ಲು, "ಹರದು ಬರಾಕ ನಮ್ಮ ಕೇರಿ ತೆಳಗೇ ಐತಲ್ಲಬೇ. ಊರ ಬಚ್ಚಲ ನೀರು ದಿನಾ ಹರದು ಬರತೈತಿ." ನನಗ ನಗಿ ತಡಿಯಾಕ ಆಗಲಿಲ್ಲ. ಆ ಫೋಟೋದಾಗ ನಾನು ನಕ್ಕೀನಿ ನೋಡ್ರಿ. ಮರುದಿನ ಪೇಪರಿನಾಗ ಬಂದೈತಿ.

ಫೋಟೋ ಆತು. ಗೌಡ್ರು ಅಂದ್ರು, "ಹೂಂ, ನಡೀರಿ, ಸಾಲು ಹಿಡೀರಿ, ಹಸಿ ಆರತೈತಿ." ನಾವು ಹೊಲದ ಆ ಕಡೀ ತುದಿಗೆ ಹೋದ್ವಿ.

ನಾವು ಹೋದ ಮ್ಯಾಲ ಕಂಪನಿ ಮನುಷ್ಯ ನೀಲಿ ಕೈಗವಸು ಹಾಕ್ಕೊಂಡು, ಮೂಗಿಗೆ ಬಟ್ಟಿ ಕಟಗೊಂಡು, ಡ್ರಮ್ಮಿನಾಗ ಬೀಜಕ್ಕ ಎಣ್ಣಿ ಹಚ್ಚಿ ತೋರಿಸಿದ್ನಂತ. ಬರೇ ಕೈಲೆ ಮುಟ್ಟಬ್ಯಾಡ್ರಿ, ಉಳಿದದ್ದನ್ನ ಮನಿಯಾಗ ಇಡಬ್ಯಾಡ್ರಿ, ತಿಂದ್ರ ಜೀವಕ್ಕ ಅಪಾಯ ಅಂತ ಮೂರು ಸಲ ಹೇಳಿದ್ನಂತ. ಕುರ್ಚಿ ಮ್ಯಾಲ ಕುಂತವರಿಗೆಲ್ಲ ಒಂದೊಂದು ಜೋಡಿ ಕೈಗವಸು ಹಂಚಿದ್ರಂತ. ಅವರೆಲ್ಲ ಹಾಕ್ಕೊಂಡು ಕೈ ಮ್ಯಾಲೆತ್ತಿ ಫೋಟೋ ತೆಗಿಸಿಕೊಂಡ್ರಂತ. ಜೀವಮಾನದಾಗ ಬೀಜ ಊರದ ಕೈಗೆ ಕೈಗವಸು! ಆ ಹೊತ್ತಿನಾಗ ಮೊದಲೇ ಎಣ್ಣಿ ಹಚ್ಚಿಟ್ಟ ಅದೇ ಬೀಜ ನಮ್ಮ ಹೊಟ್ಟಿಗೆ ಕಟ್ಟಿತ್ತು.

ಒಂದ ಸಲ ನೀರಡಿಕಿ ಆಗಿ ಶಾಮಿಯಾನದ ಕಡಿ ಬಂದೆ. ಮೂಗಿಗೆ ಅಡರೋ ಒಂದು ಘಾಟು ಬಡೀತು. ಮೈಕ್ ಮಾತಾಡ್ತಿತ್ತು. ಇನ್ನೊಂದು ಹತ್ತು ಹೆಜ್ಜಿ ಹೋಗಿದ್ರ ಕೇಳಿಸ್ತಿತ್ತೇನೋ. ಗೌಡ್ರ ಆಳು ಹುಲುಗಣ್ಣ ಅಡ್ಡ ಬಂದ, "ಏ, ಆ ಕಡಿ ಡ್ರಮ್ಮಿನಾಗ ಕುಡಿ ಹೋಗು. ಸಾಹೇಬ್ರು ಇದ್ದಲ್ಲಿ ಬರಬ್ಯಾಡ," ಅಂದ. ಹೊಳ್ಳಿ ಹೋದೆ. ನೋಡ್ರಿ, ಆ ಹತ್ತು ಹೆಜ್ಜಿ. ಈಗ ಕುಂತ್ರೂ ನಿಂತ್ರೂ ಅದನ್ನೇ ನಡೀತೀನಿ.

ಸಂಜಿಕ ಹೊಟ್ಟಿ ಚರ್ಮ ಉರಿಯಾಕತ್ತು. ಬೆವರಿಗೆ ಅಂದ್ಕೊಂಡ್ವಿ. ಅಂಜಿನಕ್ಕಗ ತಲಿ ತಿರುಗಿ ಬದುವಿನ ಮ್ಯಾಲ ಕುಂತ್ಲು, ಬಿಸಲಿಗೆ ಅಂದ್ಕೊಂಡ್ವಿ. ಬಡವರಿಗೆ ಏನಾದ್ರೂ ಬಿಸಲು, ಬೆವರು, ಇಲ್ಲಾ ದೇವ್ರು. ನಾಲ್ಕನೇದು ನಮಗ ಹೇಳವರಿಲ್ಲ.

ಕಡೀ ಸಾಲು ನಂದು. ಮುಗಿಸಿ ಎದ್ದಾಗ ಶಾಮಿಯಾನ ಬಿಚ್ಚತಿದ್ರು. ಕೊಟ್ರಮ್ಮ ಬದುವಿಗೆ ಬಂದ್ಲು. ಎಪ್ಪತ್ತೈದು ವರ್ಷದಾಕಿ. ಆಕೀಗೂ ಆ ಎಣ್ಣಿ ಸುದ್ದಿ ಗೊತ್ತಿರಲಿಲ್ಲ. ಶಾಮಿಯಾನದಾಗ ಗಂಡಸ್ರಿಗೆ ಕುರ್ಚಿ, ಮುದುಕಿಗೆ ಒಲಿ ಮುಂದಿನ ಕೆಲಸ. ಉಳಿದ ಬೀಜ ಚೀಲದ ತಳದಾಗ ಒಂದು ಸೇರಿನಷ್ಟಿತ್ತು.

"ಸೆರಗು ಒಡ್ಡು ಪಕ್ಕೀರಿ," ಅಂದ್ಲು.

"ಗೌಡ್ರು ಏನಂತಾರೋ ಅವ್ವಾರ. ಕಂಪನಿ ಬೀಜ."

"ಅವನ ಕಂಪನಿ ಮೊನ್ನಿಂದು. ನಮ್ಮತ್ತಿ ಕಾಲದಿಂದ ಹಿಂಗೇ ನಡದೈತಿ. ಮಗಳು ಹಾಸ್ಟೆಲಿಗೆ ಹೊಂಟಾಳಂತಲ್ಲ, ಬೆಲ್ಲ ಹಾಕಿ ಉಂಡಿ ಕಟ್ಟಿ ಕೊಡು."

ನಮ್ಮನ್ನ ಮುಟ್ಟಬಾರದಲ್ಲ, ಅದಕ್ಕ ಒಂದು ಮೊಳ ಮ್ಯಾಲಿಂದ ಸುರುವಿದ್ಲು. ನಾನು ನೆಲ ಮುಟ್ಟಿ ಶರಣು ಮಾಡಿದೆ. ಅಂಜಿನಕ್ಕ ನೋಡತಿದ್ಲು. ಹುಲುಗಣ್ಣ ನೋಡತಿದ್ದ. ಆಕಾಶ ನೋಡತಿತ್ತು.

ಮನಿಗೆ ತಂದು ನಾಕು ನೀರಿನಾಗ ತೊಳದೆ. ಮೊದಲನೇ ನೀರು ಕುಂಕುಮ ಕಲಸಿದಂಗ ಬಂತು, ನಾಲ್ಕನೇದು ತಿಳಿಯಾತು. ಶನಿವಾರ ಇಡೀ ದಿನ ತಗಡಿನ ಮ್ಯಾಲ ಒಣಗಿಸಿದೆ. ಭಾನುವಾರ ಮುಂಜಾನಿ ಹುರದೆ. ಹೊಗಿ ಕಣ್ಣಿಗೆ ಹತ್ತಿತು, ಹಸಿ ಕಟಿಗಿ ಅಂದ್ಕೊಂಡೆ. ಒಳ್ಳಿನಾಗ ಕುಟ್ಟಿದೆ. ಬೆಲ್ಲ ಜಾಸ್ತಿ ಹಾಕಿದೆ. ನನ್ನ ಮಗಳಿಗೆ ಸಿಹಿ ಭಾಳ ಸೇರತಿತ್ತು. ಹತ್ತೊಂಬತ್ತು ಉಂಡಿ ಆದ್ವು. ನಾನೊಂದು ಬಾಯಾಗ ಹಾಕ್ಲಿಲ್ಲ. ಕಡಿಮಿ ಆಗತಾವ, ಹಾಸ್ಟೆಲಿನಾಗ ಗೆಳತ್ಯಾರಿಗೂ ಕೊಡಲಿ ಅಂತ. ಒಂದು ತಿಂದಿದ್ರ ಸಾಕಿತ್ತು ನೋಡ್ರಿ. ರುಚಿ ನೋಡಿದ್ರನ ಗೊತ್ತಾಗ್ತಿತ್ತು. ಇಲ್ಲಾ, ಇಬ್ಬರೂ ಹೋಗತಿದ್ವಿ. ಎರಡರಾಗ ಒಂದಾದ್ರೂ ಆಗಬೇಕಿತ್ತು.

ಆಕಿ ಎರಡು ತಿಂದ್ಲು. ಟ್ರಂಕಿಗೆ ಬಟ್ಟಿ ಮಡಚಿ ಇಡಾಕತ್ತಿದ್ಲು. ಸ್ವಲ್ಪ ಹೊತ್ತಿನ ಮ್ಯಾಲ ಹೊಟ್ಟಿ ಹಿಡಕೊಂಡು ಕುಂತ್ಲು. ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು ಸೋರಾಕತ್ತು. ಕಣ್ಣಿನ ಗೊಂಬಿ ಸಾಸವಿ ಕಾಳಾದ್ವು. ಕೈಕಾಲು ಅದರಾಕತ್ತಿದ್ವು. ಚೀರಿಕೊಂಡೆ. ಅವರಪ್ಪ ಗೌಡ್ರ ಹೊಲದಾಗಿಂದ ಟ್ರ್ಯಾಕ್ಟರ್ ಬಿಟ್ಟು ಓಡಿ ಬಂದ. ಕೇರಿ ಆಟೋದಾಗ ಹಾಕ್ಕೊಂಡು ಕೂಡ್ಲಿಗಿ ಕಡಿ ಹೊಂಟ್ವಿ. ನನ್ನ ತೊಡಿ ಮ್ಯಾಲ ತಲಿ ಇತ್ತು. ಕೂಡ್ಲಿಗಿ ಇನ್ನಾ ಎರಡು ಮೈಲಿ ಇರೋವಾಗ ಅದರೋದು ನಿಂತಿತು. ಗುಣ ಆತು ಅಂದ್ಕೊಂಡೆ. ಹುಚ್ಚಿ ನಾನು, "ಆರಾಮಾತಲ್ಲ ತಂಗಿ" ಅಂತ ಬೆನ್ನು ಸವರಾಕತ್ತಿದ್ದೆ.

ದವಾಖಾನಿಯಾಗ ಡಾಕ್ಟರಮ್ಮ ಆಕಿ ಬಾಯಿ ಹತ್ರ ಮೂಗು ಒಯ್ದು, "ಏನು ತಿನ್ನಿಸಿದಿರಿ?" ಅಂದ್ಲು. "ಶೇಂಗಾ ಉಂಡಿ," ಅಂದೆ. "ಎಲ್ಲೀ ಶೇಂಗಾ?" ಅಂದ್ಲು. ಹೇಳಿದೆ. ಆಕಿ ಗ್ವಾಡಿ ಕಡಿ ಮಾರಿ ಮಾಡಿದ್ಲು. ಅವತ್ತು ತಿಳೀತು ನನಗ, ಕೊಂದದ್ದು ನಾ ಕಟ್ಟಿದ ಉಂಡಿ ಅಂತ. ಮರುದಿನ ಕೊಯ್ದು, ಹೊಲದು, ಬಿಳಿ ಬಟ್ಟಿಯಾಗ ಸುತ್ತಿ ಕೊಟ್ರು. ಸೋಮವಾರ ಅದು.

ಮಣ್ಣು ಮಾಡಿದ ಮೂರನೇ ದಿನ ಗೌಡ್ರು ಕೇರಿಗೆ ಬಂದ್ರು. ಹುಟ್ಟಿದಾಗಿಂದ ಕೇರಿ ತುಳೀದ ಮನುಷ್ಯ, ನಮ್ಮ ಕಟ್ಟಿ ಮುಂದೆ ನಿಂತ. ಜೋಡಿ ಕಂಪನಿಯವ ಇದ್ದ. ಕೈಯಾಗ ಒಂದು ಕಾಗದ. ನಮ್ಮ ಭಾವನ ಮಗ ಕ್ರಾಂತಿಕುಮಾರ್ ಬ್ಯಾಂಕಿನಾಗ ಕೆಲಸ ಮಾಡತಾನ, ಸುದ್ದಿ ಕೇಳಿ ರಜಾ ಹಾಕಿ ಬಂದಿದ್ದ. ಅವನ ಕೈಗೆ ಕೊಟ್ಟು ಓದು ಅಂದೆ. ಅವ ಓದಿದ.

"'ಸದರಿ ದಿನಾಂಕದಂದು ಬಿತ್ತನೆ ಕಾರ್ಯ ಮುಗಿದ ನಂತರ ನಾನು ಮಾಲೀಕರ ಗಮನಕ್ಕೆ ಬಾರದಂತೆ ಉಪಚರಿಸಿದ ಬೀಜವನ್ನು ತೆಗೆದುಕೊಂಡು ಹೋಗಿ...'" ಅಲ್ಲಿಗೆ ನಿಂತ. ಕಣ್ಣು ಕೆಂಪಾಗಿದ್ವು. "ಚಿಗವ್ವ, ಕದ್ದೆ ಅಂತ ಬರದಾರ."

ಗೌಡ್ರು ಅಂದ್ರು, "ಕದ್ದೆ ಅಂತ ಎಲ್ಲೈತೋ? ಗಮನಕ್ಕೆ ಬಾರದಂಗ ಅಂತ ಐತಿ. ನೋಡು ಸಂಜೀವ, ನಾ ಕೊಟ್ಟೆ ಅಂತಾದ್ರ ಕಂಪನಿ ಒಪ್ಪಂದ ಹೋಗತೈತಿ. ಕೇಸ್ ಬೀಳತೈತಿ. ನಾ ಬಿದ್ರ ನಿಮ್ಮ ಕೇರಿಗೆ ಕೂಲಿ ಕೊಡೋರ್ಯಾರು? ಸಹಿ ಹಾಕಿದ್ರ ಕಂಪನಿಯವರು ಪರಿಹಾರ ಕೊಡ್ತಾರ. ನಾನು ಎರಡು ರೂಮಿನ ಮನಿ ಕಟ್ಟಿಸಿ ಕೊಡ್ತೀನಿ. ಹೋದ ಹುಡುಗಿ ಏನು ಮಾಡಿದ್ರೂ ತಿರುಗಿ ಬರಂಗಿಲ್ಲ."

ಅವರು ಹೋದ ಮ್ಯಾಲ ನನ್ನ ಗಂಡ ಗ್ವಾಡಿಗೆ ತಲಿ ಆನಿಸಿ ಕುಂತ. ಟ್ರಂಕು ಅಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

"ಸಹಿ ಹಾಕಿಬಿಡೋಣಲೇ," ಅಂದ.

"ಏನಂದಿ?"

"ಬಡವರ ಸಿಟ್ಟು ದವಡಿಗೆ ಮೂಲ. ನಾಳೆ ಟ್ರ್ಯಾಕ್ಟರ್ ಇಳಿಸಿದ್ರ ಎಲ್ಲಿಗೆ ಹೋಗೋಣು? ನಾವಿಬ್ರೇ ಅಲ್ಲ, ಅಂಜಿನಕ್ಕ, ಬೊಮ್ಮಮ್ಮ, ಕೇರಿಗೆ ಕೇರಿನೇ ಅವನ ಹೊಲದ ಮ್ಯಾಲ ಐತಿ."

"ನಾ ಕದ್ದೀನೇನು?"

"ಇಲ್ಲ."

"ಮತ್ತ?"

ಅವ ಅಳಾಕತ್ತ. ಗಂಡಸು ಅಷ್ಟು ದೊಡ್ಡ ದನಿ ತಗದು ಅತ್ತದ್ದು ನಾ ನೋಡಿರಲಿಲ್ಲ. "ನನಗ ಏನೂ ತಿಳಿವಲ್ದು ಪಕ್ಕೀರಿ. ನನಗ ನನ್ನ ಮಗಳು ಬೇಕು," ಅಂದ. ಅವನ ಮ್ಯಾಲ ಸಿಟ್ಟು ಮಾಡಾಕ ಆಗಲಿಲ್ಲ. ಬಡದು ಕೂರಿಸಿದ ಎತ್ತು ಅದು. ಅದಕ್ಕ ಏಳು ಅಂದ್ರ ಹೆಂಗ ಏಳತೈತಿ?

ಅಂಜಿನಕ್ಕನ ಮನಿಗೆ ಹೋದೆ. ನೋಡಿದ್ದೀಯಲ್ಲ, ಹೇಳು ಅಂದೆ. ಆಕಿ ನನ್ನ ಎರಡೂ ಕೈ ಹಿಡಕೊಂಡ್ಲು. "ನನ್ನ ಸೊಸಿ ದಿನ ತುಂಬಿದಾಕಿ ಅದಾಳ. ಗೌಡ್ರು ನಿನ್ನೆನೇ ಹೇಳಿ ಕಳಿಸ್ಯಾರ, ಬಾಯಿ ಬಿಟ್ಟವರಿಗೆ ಹೊಲ ಬಂದ್ ಅಂತ. ನನ್ನ ಕೊರಳು ಕೊಯ್ಯಿ ತಂಗಿ, ನಾ ಹೇಳಾಕ ಆಗಂಗಿಲ್ಲ," ಅಂದ್ಲು. ಇಬ್ರೂ ತೆಕ್ಕಿ ಬಡಕೊಂಡು ಅತ್ವಿ. ಅತ್ತು ನಾನು ಎದ್ದು ಬಂದೆ.

ಹುಲುಗಣ್ಣ ಗೌಡ್ರ ಆಳು, ಅವ ಬಾಯಿ ಬಿಡಂಗಿಲ್ಲ. ಹಂಗಾರ ಉಳಿದಾಕಿ ಕೊಟ್ಟಾಕಿ. ಗೌಡ್ರ ಮನಿ ಹಿತ್ತಲ ಬಾಗಿಲಿಗೆ ಹೋದೆ. ನಾವು ನಿಲ್ಲೋ ಜಾಗ ಅದೇ, ದನದ ಗ್ವಾದ್ಲಿ ಬಾಜೂಕ. ಕೊಟ್ರಮ್ಮ ಅಕ್ಕಿ ಹಸನು ಮಾಡತಿದ್ಲು. ನನ್ನ ನೋಡಿ ಮೊರ ತೆಳಗಿಟ್ಳು. ಮಾರಿ ಬೂದಿ ಆತು.

"ಅವ್ವಾರ, ಬೀಜ ಯಾರು ಕೊಟ್ರು, ಅಷ್ಟು ಹೇಳ್ರಿ ಸಾಕು. ನಿಮಗ ತಿಳೀದ ಕೊಟ್ರಿ, ನನಗ ತಿಳೀದ ತೊಗೊಂಡೆ. ನಿಮ್ಮ ಮ್ಯಾಲ ನನಗ ಎಳ್ಳಷ್ಟು ಸಿಟ್ಟಿಲ್ಲ. ಕದ್ದಿಲ್ಲ ಅಂತ ಒಂದು ಮಾತು ಅಂದುಬಿಡ್ರಿ."

 ಮುದುಕಿ ಪಡಸಾಲಿ ಕಡಿ ನೋಡಿದ್ಲು. ಅಲ್ಲಿ ಮಗ ಫೋನಿನಾಗ ಮಾತಾಡತಿದ್ದ.

"ನನಗ ವಯಸ್ಸಾತು ಪಕ್ಕೀರಿ," ಅಂದ್ಲು. "ಯಾವ ದಿನ ಏನು ಕೊಟ್ಟೆ, ನೆನಪು ಉಳಿಯಂಗಿಲ್ಲ."

"ಮಗಳು ಹಾಸ್ಟೆಲಿಗೆ ಹೊಂಟಾಳಂತಲ್ಲ ಅಂದ್ರಿ. ಉಂಡಿ ಕಟ್ಟಿ ಕೊಡು ಅಂದ್ರಿ."

ಸೆರಗು ಬಾಯಿಗೆ ಒತ್ತಿಕೊಂಡ್ಲು. ಕಣ್ಣಾಗ ನೀರು ದಳದಳ ಸುರದ್ವು. "ನೆನಪಿಲ್ಲವ್ವ," ಅಂದ್ಲು. ಎದ್ದು ಒಳಗ ಹೋಗಿ ಬಾಗಿಲು ಮುಂದ ಮಾಡಿಕೊಂಡ್ಲು. ನಾನು ಆಕಿನ್ನ ಇಪ್ಪತ್ತು ವರ್ಷ ತಾಯಿ ಅಂತ ತಿಳಕೊಂಡಿದ್ದೆ. ನನ್ನ ಬಾಣಂತನಕ್ಕ ಖಾರ, ಬೆಲ್ಲ ಕಳಿಸಿದಾಕಿ ಆಕಿ. ಆಕಿ ಹಡದದ್ದು ಅವನ್ನ. ನನ್ನನ್ನಲ್ಲ. ಅಷ್ಟು ತಿಳಿಯಾಕ ನನಗ ಇಷ್ಟು ವರ್ಷ ಬೇಕಾತು.

ಒಂಬತ್ತನೇ ದಿನ ಠಾಣೆಗೆ ಕರದ್ರು, ಹೇಳಿಕಿ ಕೊಡಾಕ. ಗೌಡ್ರು ಕಾರು ಕಳಿಸಿದ್ರು. ಹಿಂದಿನ ಸೀಟಿನ ಮ್ಯಾಲ ಗೊಬ್ಬರದ ಖಾಲಿ ಚೀಲ ಹಾಸಿದ್ರು, ನಾವಿಬ್ರೂ ಅದರ ಮ್ಯಾಲ ಕುಂತ್ವಿ. ಗೌಡ್ರು ಮುಂದೆ ಕುಂತ್ರು. ಹೊಲದ ಮುಂದೇ ಹಾದು ಹೋತು ಕಾರು. ನಾ ಊರಿದ ಬೀಜ ಎದ್ದು ನಿಂತಿದ್ವು. ಗಂಟಿಗೊಂದು ಮೊಳಕಿ. ಒಂದೂ ತಪ್ಪಿರಲಿಲ್ಲ. ಹುಳ ಮುಟ್ಟಿರಲಿಲ್ಲ. ಇಂಥಾ ನಾಟಿ ಈ ತಾಲೂಕಿನಾಗ ಯಾರೂ ನೋಡಿಲ್ಲ ಅಂತ ಗೌಡ್ರು ಡ್ರೈವರಗ ಹೇಳಾಕತ್ತಿದ್ರು. ಹೇಳ್ತಾ ಹೇಳ್ತಾ ಹಿಂದ ನಾವು ಕುಂತದ್ದು ನೆನಪಾಗಿ ಸುಮ್ಮನಾದ್ರು. ನನಗ ಇಳದು ಹೋಗಿ ಒಂದೊಂದನ್ನೂ ಕಿತ್ತು ಒಗೀಬೇಕು ಅನಿಸ್ತು. ಎದಿ ಒಳಗ ಅಷ್ಟು ಬೆಂಕಿ ಬಿದ್ದಿತ್ತು.

ಠಾಣೆಯಾಗ ಬರಿಯೋ ಪೋಲೀಸಪ್ಪ ಒಬ್ಬ ಇದ್ದ. ವಯಸ್ಸಾದವ, ಕನ್ನಡಕ ಹಾಕಿದ್ದ. ಕಂಪನಿಯವ ಮೊದಲೇ ಬಂದು ಕುಂತಿದ್ದ. ಕಾಗದ ಮೇಜಿನ ಮ್ಯಾಲಿತ್ತು. ಪೋಲೀಸಪ್ಪ ಪೂರಾ ಓದಿ ಹೇಳಿ, "ಇದು ನಿನ್ನ ಮಾತೇನಮ್ಮ? ಒಪ್ಪಿಗಿ ಇದ್ರ ಸಹಿ ಹಾಕು," ಅಂದ.

"ಅದು ನನ್ನ ಮಾತಲ್ರಿ," ಅಂದೆ.

ಸಂಜೀವ ನನ್ನ ರಟ್ಟಿ ಹಿಡಿದ. ಕೊಡವಿದೆ.

ಗೌಡ್ರು ಕುರ್ಚಿಯಿಂದ ಎದ್ರು. "ಏನ್ಬೇ ಪಕ್ಕೀರಿ, ಉಂಡ ಮನಿ ಗಳ ಎಣಿಸ್ತೀಯೇನು?"

"ಉಂಡಾಕಿ ಮಣ್ಣಾಗ ಅದಾಳ್ರಿ ಗೌಡ್ರ. ನನ್ನ ಮಗಳು."

 ಇಪ್ಪತ್ತು ವರ್ಷದಾಗ ಅವರ ಮುಂದೆ ನಾನು ತಲಿ ಎತ್ತಿ ಮಾತಾಡಿದ್ದು ಅದೇ ಮೊದಲು.  ಮೇಜು ಹಿಡಕೊಂಡು ನಿಂತೆ.

"ಬರಕೊಳ್ರಿ," ಅಂದೆ ಪೋಲೀಸಪ್ಪಗ. "ಬೀಜ ಕೊಟ್ಟಾಕಿ ಗೌಡ್ರ ತಾಯಿ ಕೊಟ್ರಮ್ಮ. ರೂಢಿ ಪ್ರಕಾರ ಕೊಟ್ರು. ಅದರಾಗ ವಿಷ ಐತಿ ಅಂತ ಆಕೀಗೆ ಯಾರೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಹೇಳೋವಾಗ ನಮ್ಮನ್ನ ಹೊಲದ ಆ ತುದಿಗೆ ಅಟ್ಟಿದ್ರು. ಗೌಡ್ರಿಗೆ ಗೊತ್ತಿತ್ತು. ನಮ್ಮ ಹೊಟ್ಟಿಗೆ ಕಟ್ಟಿದ್ದು ಕಣ್ಣಾರೆ ನೋಡಿದ್ರು. ಬೀಜ ತೊಳದಾಕಿ ನಾನು. ಹುರದಾಕಿ ನಾನು. ಉಂಡಿ ಕಟ್ಟಿ ಮಗಳ ಕೈಗೆ ಕೊಟ್ಟಾಕಿ ನಾನು."

ಪೋಲೀಸಪ್ಪ ಪೆನ್ನು ಎತ್ತಿ ಹಿಡಿದ. "ಹಿಂಗ ಬರದ್ರ ನಿನ್ನ ಮ್ಯಾಲನೂ ಕೇಸ್ ತಿರುಗಬಹುದು, ಯೋಚನಿ ಮಾಡು."

"ತಿರುಗಲಿ. ತಾಯಿ ಕೈಯಾರೆ ಕೊಂದ್ಲು ಅಂತಾನೂ ಬರಕೊಳ್ರಿ. ಅದು ಖರೇ ಐತಿ, ಹೊರತೀನಿ. ಕದ್ದ ಬೀಜ ತಿಂದು ಸತ್ಲು ಅಂತ ಮಾತ್ರ ನನ್ನ ಮಗಳ ಹೆಸರಿನ ಮ್ಯಾಲ ಬರೀಬ್ಯಾಡ್ರಿ. ಹನ್ನೊಂದು ವರ್ಷದಾಗ ಆಕಿ ಒಬ್ಬರ ಬಳಪ ಸೈತ ಮುಟ್ಟಿದಾಕಿ ಅಲ್ಲ."

"ನಾಳಿಂದ ನಿಮ್ಮ ಕೇರಿಯಾಕಿ ಒಬ್ಬಾಕಿ ನನ್ನ ಹೊಲದಾಗ ಕಾಲಿಡಬಾರದು!" ಅಂದ್ರು ಗೌಡ್ರು. ಕಂಪನಿಯವ ಅವರ ಕೈ ಹಿಡದು ಹೊರಗ ಕರಕೊಂಡು ಹೋದ. ಸಂಜೀವ ನೆಲಕ್ಕ ಕುಂತ. ಅವ ನನ್ನ ಬೈಲಿಲ್ಲ. ತಡೀಲೂ ಇಲ್ಲ.

ಪೋಲೀಸಪ್ಪ ಬ್ಯಾರೆ ಹಾಳಿ ತಗೊಂಡ. ನಾ ಹೇಳಿದ್ದೆಲ್ಲ ಬರದ. ಹೆಸರು ಕೇಳಿದ, ವಯಸ್ಸು ಕೇಳಿದ. ಎಷ್ಟು ಹೊತ್ತಿಗೆ ತಿಂದ್ಲು, ಎಷ್ಟು ತಿಂದ್ಲು ಕೇಳಿದ. ಕಡೀಕ ಕನ್ನಡಕ ತಗದು, "ಆ ಉಂಡಿ ಆಕಿ ಬಿಟ್ಟು ಬ್ಯಾರೆ ಯಾರಿಗರ ಕೊಟ್ಟಿದ್ದೀಯೇನಮ್ಮ?" ಅಂದ.

ಅದನ್ನ ನಾನು ಯಾರ ಮುಂದೂ ಹೇಳಿರಲಿಲ್ಲ. ಗಂಡನ ಮುಂದೂ ಹೇಳಿರಲಿಲ್ಲ.

"ಇಲ್ರಿ," ಅಂದೆ. "ಮಗಳು ಒಂದು ತಿಂದು, ಯವ್ವಾ, ಒಂದು ಉಂಡಿ ಕೊಟ್ರಮ್ಮಜ್ಜಿಗೆ ಕೊಟ್ಟು ಬರತೀನಿ, ಬೀಜ ಕೊಟ್ಟಾಕಿ ಆಕಿ ಅಲ್ಲೇನು ಅಂದ್ಲು. ಕೈಯಾಗ ಹಿಡಕೊಂಡು ಹೊಂಟೇ ಬಿಟ್ಟಿದ್ಲು. ನಾನೇ ತಡದೆ. ನಾವು ಮಾಡಿದ್ದು ಅವರು ತಿನ್ನಂಗಿಲ್ಲ ಹುಚ್ಚಿ, ನೀನೇ ತಿನ್ನು ಅಂದೆ."

ಪೋಲೀಸಪ್ಪನ ಪೆನ್ನು ನಿಂತಿತು. ನನ್ನ ಮಾರಿ ನೋಡಿದ.

"ಬರಕೊಳ್ರಿ," ಅಂದೆ.